ಓದುಗರ ಪ್ರಶ್ನೆ: ತುಣುಕು ಸುದ್ದಿಯನ್ನು ಎಷ್ಟು ನೆಚ್ಚಿಕೊಳ್ಳೋದು?

ಪ್ರಶ್ನೆ: ಕೆಲಸಕ್ಕೆಂದು ದಿನಾ ಕುಮಟಾದಿಂದ ಕಾರವಾರಕ್ಕೆ ಹೋಗಿಬರುತ್ತೇನೆ. ರಸ್ತೆ, ಮಳೆ, ಜಿಲ್ಲೆಯ ಸುದ್ದಿ ಎಲ್ಲಕ್ಕೂ ಟ್ವಿಟರ್, ಅಂದರೆ ಈಗಿನ ಎಕ್ಸ್, ನೋಡುವ ರೂಢಿ. ಈಗೀಗ ಅಲ್ಲಿ ಸುದ್ದಿಗಿಂತ ಜಗಳವೇ ಜಾಸ್ತಿ. ಮಗಳು "ತೆಗೆದುಹಾಕಿ ಅಪ್ಪಾ" ಅಂತಾಳೆ. ತೆಗೆಯಲೇ?
– ಓದುಗರು, ಕುಮಟಾ

ಉತ್ತರ: ಪೂರ್ತಿ ತೆಗೆಯಬೇಡಿ. ಏನಾಯಿತು, ಎಲ್ಲಿ, ಯಾವಾಗ ಅನ್ನೋದಕ್ಕೆ ಮಾತ್ರ ಇಟ್ಟುಕೊಳ್ಳಿ. ಯಾಕಾಯಿತು ಅಂತ ಅಲ್ಲಿ ಹುಡುಕಬೇಡಿ.

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತಲ್ಲ, ಆ ಹೊತ್ತಿಗೆ ಅಂಕೋಲಾ ದಾಟಬೇಕಿದ್ದವರಿಗೆ "ರಸ್ತೆ ಇಲ್ಲ, ಬರಬೇಡಿ" ಎಂಬ ಒಂದು ಸಾಲು ಮರುದಿನದ ಪೂರ್ತಿ ಪೇಪರಿಗಿಂತ ದೊಡ್ಡದು. ಆದರೆ ಗುಡ್ಡ ಕುಸಿದದ್ದು ಯಾಕೆ? ಹೆದ್ದಾರಿಗಾಗಿ ಅದನ್ನು ಕಡಿದ ರೀತಿ, ಎಡೆಬಿಡದ ಮಳೆ, ಮಣ್ಣಿನ ಗುಣ, ಇವನ್ನೆಲ್ಲ ಬಿಡಿಸಿ ಹೇಳೋಕೆ ಜಾಗ ಬೇಕು, ದಿನಗಳೂ ಬೇಕು. ಆ ಕುಸಿತದಲ್ಲಿ ಪಕ್ಕದ ಗಂಗಾವಳಿ ನದಿಯಲ್ಲಿ ಮುಳುಗಿದ್ದ ಕೇರಳದ ಚಾಲಕನ ಲಾರಿ ಸಿಕ್ಕಿದ್ದೇ ಸೆಪ್ಟೆಂಬರ್ ಕೊನೆಗೆ. ಒಂದು ಸುದ್ದಿ ಅಷ್ಟು ದಿನ ನಡೆಯಿತು. ಚಿಕ್ಕ ಸಂದೇಶದಲ್ಲಿ ಅದು ಪ್ರತಿದಿನ ಹೊಸದಾಗಿ ಹುಟ್ಟಿ ಅಂದೇ ಸಾಯುತ್ತದೆ.

ಅದೇ ವರ್ಷ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕಾರವಾರದ ಕಾಳಿ ನದಿಯ ಸೇತುವೆ ಬಿತ್ತು. ಬಿದ್ದದ್ದು ಹಳೇ ಸೇತುವೆ, ಪಕ್ಕದ ಹೊಸದು ನಿಂತೇ ಇತ್ತು. ಅವಸರದಲ್ಲಿ "ಹಳೇ" ಎಂಬ ಒಂದು ಪದ ಬಿಟ್ಟರೆ ಗೋವಾಕ್ಕೆ ದಾರಿಯೇ ಹೋಯಿತು ಅಂತ ಓದುವವರು ತಿಳಿಯುತ್ತಾರೆ. ಅಲ್ವಾ?

ಟ್ವಿಟರ್‌ನ ಒಂದು ಸಂದೇಶಕ್ಕೆ ಇಷ್ಟೇ ಅಕ್ಷರ ಅಂತ ಮಿತಿ ಬಂದದ್ದಕ್ಕೆ ಕಾರಣ ಹಳೇ ಫೋನಿನ ಎಸ್ಸೆಮ್ಮೆಸ್. ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಅದರಲ್ಲಿ ಹೆಸರಿಗೆ 20 ಬಿಟ್ಟು 140 ಅಂತ ಮೊದಮೊದಲು ಇಟ್ಟದ್ದು. 2017ರಲ್ಲಿ 280 ಆಯಿತು. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕಕ್ಕೆ ಬರುವುದರಿಂದ ನಮಗೆ ಇನ್ನೂ ಕಡಿಮೆ. ದುಡ್ಡು ಕಟ್ಟಿದವರು ಈಗ ಉದ್ದಕ್ಕೂ ಬರೆಯಬಹುದು, ಆದರೆ ಓದುವವರ ತಾಳ್ಮೆ ಉದ್ದವಾಗಿಲ್ಲ ಬಿಡಿ.

ನನ್ನನ್ನು ಕಾಡುವುದು ಉದ್ದ ಗಿಡ್ಡದ ಮಾತಲ್ಲ. ಮೊದಲು ಬಂದ ಹೊತ್ತಿನ ಪ್ರಕಾರ ಸಾಲಾಗಿ ಕಾಣುತ್ತಿದ್ದ ಸಂದೇಶಗಳನ್ನು ಈಗ ಯಂತ್ರ ಆರಿಸಿ ಮುಂದಿಡುತ್ತದೆ. ಹಾಗಾಗಿ ನಿನ್ನೆಯ "ರಸ್ತೆ ಬಂದ್" ಇವತ್ತು ಬೆಳಿಗ್ಗೆ ಮೇಲೆ ಬರಬಹುದು. ನೀಲಿ ಟಿಕ್ ಒಂದು ಕಾಲಕ್ಕೆ ಇವರು ಇವರೇ ಅನ್ನೋ ಗುರುತಾಗಿತ್ತು, ಈಗ ತಿಂಗಳ ದುಡ್ಡು ಕಟ್ಟಿದ ಗುರುತು.

ಜಿಲ್ಲಾಡಳಿತ, ಪೊಲೀಸ್, ಹವಾಮಾನ ಇಲಾಖೆ ಇಷ್ಟನ್ನು ಫಾಲೋ ಮಾಡಿ. ಫಾಲೋ ಮಾಡಿದವರದ್ದೇ ಬೇರೆ ಪುಟ ಇರುತ್ತದೆ, ಅದನ್ನೇ ತೆರೆಯಿರಿ. ಮೊದಲು ಸಮಯ ನೋಡಿ, ಆಮೇಲೆ ವಿಷಯ. ಕೆಳಗಿನ ಜಗಳ ಓದಲೇಬೇಡಿ. ಉಳಿದದ್ದಕ್ಕೆ ಮರುದಿನದ ಪೇಪರ್ ಇದೆಯಲ್ಲ. ಮಗಳಿಗೂ ಅಷ್ಟು ಹೇಳಿ.

ಪ್ರಶ್ನೆ: ಮಳೆ ಜೋರಾದರೆ ಸಾಕು, "ನಾಳೆ ಶಾಲೆಗೆ ರಜೆ" ಎಂಬ ಆದೇಶದ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತದೆ. ನಿಜವೋ ಸುಳ್ಳೋ ತಿಳಿಯೋದು ಹೇಗೆ?
– ಒಬ್ಬ ತಾಯಿ, ಶಿರಸಿ

ಉತ್ತರ: ತಾರೀಖು ನೋಡಿ, ವರ್ಷ ಸಮೇತ. ಹೋದ ವರ್ಷದ ಆದೇಶವೇ ಸುಮ್ನೆ ತಿರುಗುತ್ತಿರಬಹುದು. ಆಮೇಲೆ ತಾಲ್ಲೂಕುಗಳ ಹೆಸರು ಓದಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಕ್ಕೆ ಮಾತ್ರ ರಜೆ ಇದ್ದರೆ ನಿಮ್ಮ ಮಗು ಶಾಲೆಗೆ ಹೋಗಬೇಕು. ಫೋಟೋದಲ್ಲಿ ಆ ಸಾಲು ಕತ್ತರಿಸಿ ಹೋಗಿದ್ದರೆ ಕ್ಲಾಸ್ ಟೀಚರಿಗೆ ಒಂದು ಫೋನ್ ಮಾಡಿ.