ಒಲೆ ಹತ್ತಿರ ನಿಂತು ತಿಂದದ್ದು ಲೆಕ್ಕಕ್ಕಿಲ್ಲವಾ?

ಕುಮಟಾ ಕಡೆಯ ಗೃಹಿಣಿ, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಅಳತೆ, ಶೇಕಡಾ 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲಲ್ಲಿ ನಿಂತಿದೆ ಅಂತ ಅರ್ಥ. ಊಟ ಸರಿ ಮಾಡಿಕೊಳ್ಳಿ ಅಂದರು ಡಾಕ್ಟರು. ಇವರು ಓಟ್ಸ್, ಚಿಯಾ ಬೀಜ, ಜೀರಿಗೆ ನೀರು ಅಂತ ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಮಾಡಿ, ಒಂದೊಂದಾಗಿ ಬಿಟ್ಟು, ಕೊನೆಗೆ "ನಂಗೆ ಬಾಯಿ ಕಟ್ಟೂಕೆ ಆಗೂದಿಲ್ಲ ಮೇಡಂ" ಅಂತ ಸಲಹೆ ಕೇಳಲು ನನ್ನೆದುರು ಕೂತರು.

ಇಂಥವರು ಪದೇ ಪದೇ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಜಾಸ್ತಿ ಹೆಂಗಸರೇ. ತಪ್ಪೆಲ್ಲ ತಮ್ಮ ನಾಲಿಗೆಯದ್ದು ಅಂತ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ.

ಎರಡನೇ ಸಲ ಬಂದಾಗ ನಿನ್ನೆ ಏನೇನು ತಿಂದಿರಿ ಅಂತ ಕೇಳಿದೆ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಸ್ವಲ್ಪ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ರಾತ್ರಿ ಒಂದೇ ಚಪಾತಿ. ಇಷ್ಟೇ ಆದರೆ ಸಕ್ಕರೆ ಏರುವುದು ಹೇಗೆ? ಎಲ್ಲಿ ಕೂತು ತಿಂದಿರಿ ಅಂದೆ. ಸುಮ್ಮನಾದರು. ಆಮೇಲೆ ನಕ್ಕರು.

"ಕೂತೂದು ಎಲ್ಲಿ? ಎಲ್ಲರದ್ದೂ ಆದ ಮೇಲೆ ಒಲೆ ಹತ್ತಿರ ನಿಂತೇ. ಮಗ ಬಿಟ್ಟ ದೋಸೆ, ಪಾತ್ರೆ ತಳದ ಅನ್ನ, ಅತ್ತೆ ಬೇಡ ಅಂದ ಅರ್ಧ ಉಂಡೆ... ಅದೆಲ್ಲ ಊಟ ಅಲ್ಲ ಬಿಡಿ. ಅನ್ನ ಬಿಸಾಡೂಕೆ ಆಗ್ತದಾ?"

ಅಂದರೆ ಓಟ್ಸ್ ಬಂದದ್ದು ಇದೆಲ್ಲದರ ಜಾಗಕ್ಕಲ್ಲ, ಇದೆಲ್ಲದರ ಜೊತೆಗೆ. ಚಾ ಕೂಡ ಹಾಗೇ. ಯಾರು ಬಂದರೂ ಚಾ, ತನಗೂ ಒಂದು ಲೋಟ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 40 ಗ್ರಾಂ ದಾಟಲು ಕಷ್ಟವಿಲ್ಲ. ಹೀಗೆ ಮೇಲಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಹಾಗಾದರೆ ಎಲ್ಲರ ಜೊತೆ ಕೂತು, ಒಂದೇ ಸಲ ಬಡಿಸಿಕೊಂಡು ಉಣ್ಣಿ ಅಂದೆ. ಅದಕ್ಕೆ ಅವರು ಕೇಳಿದ್ದು: "ನಾನು ಕೂತ್ರೆ ಬಡಿಸೋರು ಯಾರು ಮೇಡಂ?"

ಆ ದಿನ ಉಳಿದ ಹೊತ್ತೆಲ್ಲ ಈ ಪ್ರಶ್ನೆಗೇ ಹೋಯಿತು, ತಿಂಡಿಯ ಮಾತೇ ಬರಲಿಲ್ಲ. ಯಾಕೆಂದರೆ ನಿಜವಾದ ತೊಡಕು ಅದೇ. ಕಡೆಗೆ ಒಪ್ಪಿಕೊಂಡದ್ದು ಇಷ್ಟು: ರಾತ್ರಿ ಊಟಕ್ಕಾದರೂ ಪಾತ್ರೆಗಳು ನಡುವೆ ಇರಲಿ, ಅವರವರೇ ಬಡಿಸಿಕೊಳ್ಳಲಿ. ಬೇರೆ ಅಡುಗೆ ಬೇಡ, ಓಟ್ಸ್ ನಿಲ್ಲಲಿ. ತಟ್ಟೆಯ ಲೆಕ್ಕ ಡಾಕ್ಟರು ಹೇಳಿದ್ದೇ: ಅರ್ಧ ಭಾಗ ಹರಿವೆ, ಬಸಳೆಯಂಥ ತರಕಾರಿ, ಕಾಲು ಭಾಗ ಅನ್ನ, ಕಾಲು ಭಾಗ ಮೀನು ಅಥವಾ ಕಾಳು. ಉಳಿದದ್ದು ದನಕ್ಕೆ ಹೋಗಲಿ, ನಾಳೆಗೆ ಅಕ್ಕಿ ಕಡಿಮೆ ಹಾಕಿ. ಚಾ ಎರಡೇ ಲೋಟ, ಸಕ್ಕರೆ ಒಂದೇ ಚಮಚ. ಬಂದವರ ಜೊತೆ ಕುಡಿಯಲೇಬೇಕು ಅಂದರೆ ಮಜ್ಜಿಗೆ, ಇಲ್ಲವಾದರೆ ಬೆಲ್ಲ ಹಾಕದ ಮುರುಗಲು (ಕೋಕಂ) ನೀರು.

ಇದೆಂಥಾ ಸಲಹೆ, ಡಯಟ್ ಚಾರ್ಟ್ ಕೊಡಬೇಕಿತ್ತು ಅಂತ ಪರಿಚಯದವರೊಬ್ಬರು ಹೇಳಿದರು. ಚಾರ್ಟ್ ಈ ಗೃಹಿಣಿಯ ಫ್ರಿಜ್ ಬಾಗಿಲ ಮೇಲೆ ಆಗಲೇ ಇತ್ತು! ಏನು ತಿನ್ನಬೇಕು ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ತನ್ನದು ಅಂತ ಒಂದು ತಟ್ಟೆಯೇ ಇಲ್ಲದವರಿಗೆ ಇನ್ನೊಂದು ಚಾರ್ಟ್ ಕೊಟ್ಟರೆ ಬೈದುಕೊಳ್ಳಲು ಇನ್ನೊಂದು ಕಾರಣ ಕೊಟ್ಟ ಹಾಗೆ. ಮನೆಯೊಳಗೆ ಜಗಳ ಹಚ್ಚುತ್ತೀರಿ ಅಂತಲೂ ಕೇಳಿದ್ದೇನೆ. ಗಂಡ ತಾನೇ ಅನ್ನ ಬಡಿಸಿಕೊಂಡರೆ ಯಾವ ಮನೆಯೂ ಮುರಿಯುವುದಿಲ್ಲ.

ಗಂಡನನ್ನೂ ಒಮ್ಮೆ ಕರೆಸಿದೆ. "ಇಷ್ಟೇನಾ?" ಅಂದರು, ಮಾಡಿದರು ಕೂಡ. ಅತ್ತೆಗೆ ಇನ್ನೂ ಸರಿ ಬಂದಿಲ್ಲ. ಹಬ್ಬ ಬಂದರೆ, ನೆಂಟರು ಬಂದರೆ ಮತ್ತೆ ಒಲೆ ಹತ್ತಿರವೇ ಊಟ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ ಅಂದಿದ್ದಾರೆ ಡಾಕ್ಟರು. ಸಂಜೆ ಚಾ ಜೊತೆ ಬೇಕರಿ ಟೋಸ್ಟ್ ಮಾತ್ರ ಈ ಗೃಹಿಣಿ ಬಿಟ್ಟಿಲ್ಲ, ಅದರ ಸುದ್ದಿ ಎತ್ತಬೇಡಿ ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ಸದ್ಯಕ್ಕೆ ನಾನೂ ಎತ್ತುತ್ತಿಲ್ಲ.