ಸಾರ್ಡೀನ್ ತಟ್ಟೆ ಎಲ್ಲಿ ಹೋಯಿತು?

ಪ್ರಿಯ ಲೇಖಕರೇ,

ಮೈಕೆಲ್ ಫ್ರೇನ್ ಅವರ ಪ್ರಹಸನ ‘ನಾಯ್ಸಸ್ ಆಫ್’ ಮತ್ತು ಅದರ ನಲವತ್ತು ವರ್ಷಗಳ ಪ್ರಯೋಗ ಚರಿತ್ರೆ ಕುರಿತು ನೀವು ಕಳಿಸಿದ ‘ನಗೆಯ ಬಾಗಿಲುಗಳು’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಕೈಬಿಟ್ಟೂ ಇಲ್ಲ. ಕೈಬಿಡುವುದಾಗಿದ್ದರೆ ಎರಡು ಸಾಲಿನ ವಿಷಾದ ಪತ್ರ ಸಾಕಾಗುತ್ತಿತ್ತು, ಇಷ್ಟುದ್ದ ಬರೆಯುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ.

ನೀವು ಓದಿಕೊಂಡಿದ್ದೀರಿ. ಇಸವಿಗಳು ಸರಿಯಾಗಿವೆ, ವಾಕ್ಯಗಳು ತಪ್ಪಿಲ್ಲದೆ ಬಂದಿವೆ. ಆದರೂ ಲೇಖನ ಮುಗಿಯುವವರೆಗೆ ಒಮ್ಮೆಯೂ ನನಗೆ ನಗು ಬರಲಿಲ್ಲ. ‘ಹೊಟ್ಟೆ ಹುಣ್ಣಾಗುವಂತೆ ನಗಿಸುವ’, ‘ನಗೆಗಡಲಲ್ಲಿ ತೇಲಿಸುವ’, ‘ನಕ್ಕು ನಕ್ಕು ಸುಸ್ತಾಗಿಸುವ’ ಎಂಬ ವಿಶೇಷಣಗಳೇನೋ ಧಾರಾಳವಾಗಿವೆ. ನಗುವುದಕ್ಕೆ ಕಾರಣವಾದ ಒಂದೇ ಒಂದು ಘಟನೆ ಇಲ್ಲ. ಇಡೀ ಲೇಖನದಲ್ಲಿ ‘ಸಾರ್ಡೀನ್’ ಎಂಬ ಪದವೇ ಇಲ್ಲ ಎಂದರೆ ನಂಬುತ್ತೀರಾ? ಬೇಕಿದ್ದರೆ ನಿಮ್ಮ ಪ್ರತಿಯಲ್ಲಿ ಹುಡುಕಿ ನೋಡಿ. ‘ನಾಯ್ಸಸ್ ಆಫ್’ ಕುರಿತು ಸಾರ್ಡೀನ್ ಮೀನಿನ ತಟ್ಟೆಯನ್ನು ಬಿಟ್ಟು ಬರೆಯುವುದು ಹೇಗೆ ಸಾಧ್ಯವಾಯಿತು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಮೊದಲ ಅಂಕವನ್ನೇ ನೆನಪಿಸಿಕೊಳ್ಳಿ. ವೆಸ್ಟನ್-ಸೂಪರ್-ಮೇರ್ ಎಂಬ ಕಡಲ ತೀರದ ಊರಿನ ಥಿಯೇಟರ್. ಸಂಚಾರಿ ತಂಡವೊಂದು ಆಡಲಿರುವ ‘ನಥಿಂಗ್ ಆನ್’ ಎಂಬ ಮೂರನೇ ದರ್ಜೆಯ ನಾಟಕದ, ಅಂದರೆ ನಾಟಕದೊಳಗಿನ ನಾಟಕದ, ಗ್ರ್ಯಾಂಡ್ ರಿಹರ್ಸಲ್ ನಡೆಯುತ್ತಿದೆ. ನಡುರಾತ್ರಿಯಾಗಿದೆ, ಮೊದಲ ಪ್ರದರ್ಶನಕ್ಕೆ ಒಂದು ಹಗಲು ಮಾತ್ರ ಉಳಿದಿದೆ. ಮನೆಗೆಲಸದ ಶ್ರೀಮತಿ ಕ್ಲ್ಯಾಕೆಟ್ ಪಾತ್ರ ಮಾಡುವ ಡಾಟಿ ಎಂಬ ನಟಿ ಸಾರ್ಡೀನ್ ತಟ್ಟೆ ಹಿಡಿದು ಬರುತ್ತಾಳೆ, ಫೋನ್ ಎತ್ತುತ್ತಾಳೆ, ಮಾತಾಡುತ್ತಾಳೆ. ಆಮೇಲೆ ತಟ್ಟೆಯನ್ನು ಬಿಟ್ಟು ಹೋಗಬೇಕೋ ತೆಗೆದುಕೊಂಡು ಹೋಗಬೇಕೋ? ರಿಸೀವರ್ ಇಡಬೇಕೋ ಬೇಡವೋ? ಪತ್ರಿಕೆ ಕೈಯಲ್ಲಿರಬೇಕೋ ಸೋಫಾದ ಮೇಲೋ? ಆಕೆಗೆ ನೆನಪಿಲ್ಲ. ಕತ್ತಲಾಗಿರುವ ಪ್ರೇಕ್ಷಾಗೃಹದಿಂದ ನಿರ್ದೇಶಕ ಲಾಯ್ಡ್‌ನ ದನಿ ಬರುತ್ತದೆ: ತಟ್ಟೆ ಬಿಡಬೇಕು, ರಿಸೀವರ್ ಇಡಬೇಕು, ಪತ್ರಿಕೆಯನ್ನು ಒಯ್ಯಬೇಕು. ನಾಟಕವೆಂದರೆ ಇಷ್ಟೇ, ಬಾಗಿಲು ಮತ್ತು ಸಾರ್ಡೀನ್, ಒಳಗೆ ತರುವುದು ಮತ್ತು ಹೊರಗೆ ಒಯ್ಯುವುದು ಎಂದು ಅವನೇ ಒಂದು ಕಡೆ ದರ್ಶನ ಹೇಳುತ್ತಾನೆ. ಇನ್ನೊಬ್ಬ ನಟನಿಗೆ, ತಾನು ಪೆಟ್ಟಿಗೆಯನ್ನು ಹೊತ್ತುಕೊಂಡೇ ಪಕ್ಕದ ಕೋಣೆಗೆ ಯಾಕೆ ಹೋಗಬೇಕು ಎಂಬುದಕ್ಕೆ ಮನಶ್ಶಾಸ್ತ್ರೀಯ ಕಾರಣ ಬೇಕು. ಆ ಅಪರಾತ್ರಿಯಲ್ಲಿ ನಿರ್ದೇಶಕ ಅದನ್ನೂ ಹುಟ್ಟಿಸಿ ಕೊಡಬೇಕು.

ಇದನ್ನೆಲ್ಲ ನಾನು ವಿವರಿಸುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ಓದುಗರಲ್ಲಿ ಬಹುಪಾಲು ಜನ ಈ ನಾಟಕವನ್ನು ನೋಡಿರುವುದಿಲ್ಲ. ಅವರಿಗೆ ಮೊದಲು ‘ನಥಿಂಗ್ ಆನ್’ ಗೊತ್ತಾಗಬೇಕು. ಫ್ರೇನ್ ತನ್ನ ಪ್ರೇಕ್ಷಕರಿಗೆ ಮಾಡಿದ್ದೂ ಅದನ್ನೇ. ಅವರು ನೋಡುವುದು ‘ನಥಿಂಗ್ ಆನ್’ನ ಮೊದಲ ಅಂಕವನ್ನು ಮಾತ್ರ, ಆದರೆ ಮೂರು ಸಲ: ಒಮ್ಮೆ ತಾಲೀಮಿನಲ್ಲಿ ಮುಂದಿನಿಂದ, ತಿಂಗಳ ನಂತರ ಆ್ಯಷ್ಟನ್-ಅಂಡರ್-ಲೈನ್‌ನ ಮಧ್ಯಾಹ್ನದ ಪ್ರದರ್ಶನದಲ್ಲಿ ಹಿಂದಿನಿಂದ, ಕೊನೆಗೆ ಸ್ಟಾಕ್ಟನ್-ಆನ್-ಟೀಸ್‌ನಲ್ಲಿ ಮತ್ತೆ ಮುಂದಿನಿಂದ. ಮೊದಲ ಸಲ ತಟ್ಟೆ ಎಲ್ಲಿರಬೇಕು ಎಂದು ಕಲಿಸಿದ್ದರಿಂದಲೇ ಮೂರನೆಯ ಸಲ ಅದು ಅಲ್ಲಿರದಿದ್ದಾಗ ಜನ ನಗುತ್ತಾರೆ. ನೀವು ಕಲಿಸುವುದನ್ನು ಬಿಟ್ಟು ನೇರವಾಗಿ ನಗಲು ಹೇಳುತ್ತಿದ್ದೀರಿ.

ಎರಡನೆಯ ಅಂಕಕ್ಕೆ ನೀವು ಕೊಟ್ಟಿರುವುದು ಒಂದೂವರೆ ಸಾಲು: ‘ಇಲ್ಲಿ ತೆರೆಮರೆಯ ಗೊಂದಲಗಳು ಅನಾವರಣಗೊಳ್ಳುತ್ತವೆ.’ ಅಂಗಡಿಯ ಉದ್ಘಾಟನೆಯ ವರದಿಯಲ್ಲೂ ಇದಕ್ಕಿಂತ ಹೆಚ್ಚು ಜೀವ ಇರುತ್ತದೆ! ಅಲ್ಲಿ ಎರಡು ಅಂತಸ್ತಿನ ಮನೆಯ ಇಡೀ ರಂಗಸಜ್ಜಿಕೆ ತಿರುಗಿ ನಿಂತಿರುತ್ತದೆ. ಬಾಗಿಲುಗಳ ಬೆನ್ನು ನಮಗೆ ಕಾಣುತ್ತದೆ. ಆಚೆ ಬದಿಯಲ್ಲಿ ‘ನಥಿಂಗ್ ಆನ್’ ನಡೆಯುತ್ತಿದೆ, ಮೊದಲ ಅಂಕದಲ್ಲಿ ನಮಗೆ ಬಾಯಿಪಾಠವಾದ ಮಾತುಗಳು ಅಲ್ಲಿಂದ ಕೇಳುತ್ತವೆ. ಈಚೆ ಬದಿಯಲ್ಲಿ ಅಷ್ಟೂ ನಟರು ಜಗಳವಾಡುತ್ತಿದ್ದಾರೆ, ಆದರೆ ಸದ್ದು ಮಾಡುವಂತಿಲ್ಲ. ಡಾಟಿಯ ವಿಷಯದಲ್ಲಿ ಹುಟ್ಟಿದ ಹೊಟ್ಟೆಕಿಚ್ಚಿನಿಂದ ಗ್ಯಾರಿ ಎಂಬ ನಟ ಬೆಂಕಿ ಆರಿಸುವವರ ಕೊಡಲಿ ಎತ್ತಿಕೊಂಡು ಸಹನಟನ ಮೇಲೆ ಬೀಳಲು ಹೊರಡುತ್ತಾನೆ. ಕುಡುಕ ಮುದುಕ ಸೆಲ್ಸ್‌ಡನ್‌ನ ಕಣ್ಣಿಗೆ ಬೀಳದಂತೆ ವಿಸ್ಕಿ ಬಾಟಲಿ ಕೈಯಿಂದ ಕೈಗೆ ಓಡುತ್ತದೆ. ನಿರ್ದೇಶಕ ಒಬ್ಬಾಕೆಗೆಂದು ತರಿಸಿದ ಹೂವು ಇನ್ನಾರದೋ ಕೈ ಸೇರುತ್ತದೆ. ಒಬ್ಬಳು ಇನ್ನೊಬ್ಬನ ಎರಡೂ ಶೂಗಳ ಲೇಸುಗಳನ್ನು ಒಂದಕ್ಕೊಂದು ಗಂಟು ಹಾಕುತ್ತಾಳೆ. ಇಷ್ಟರ ನಡುವೆ ರಂಗಕ್ಕೆ ಹೋಗುವ ಸೂಚನೆ (ಕ್ಯೂ) ಬಂದ ಕ್ಷಣ ಕೊಡಲಿ ಕೆಳಗಿಟ್ಟು, ಮುಖದಲ್ಲಿ ನಗು ತಂದುಕೊಂಡು, ಬಾಗಿಲು ತೆರೆದು ಆಚೆ ಹೋಗಬೇಕು. ಈ ಅಂಕದ ಪಠ್ಯ ಅಚ್ಚಾಗಿರುವುದು ಅಕ್ಕಪಕ್ಕ ಎರಡು ಅಂಕಣಗಳಲ್ಲಿ: ಒಂದರಲ್ಲಿ ರಂಗದ ಮೇಲಿನ ಮಾತು, ಇನ್ನೊಂದರಲ್ಲಿ ಹಿಂದಿನ ಮೂಕ ಕ್ರಿಯೆ. ನೀವು ಪುಸ್ತಕ ನೋಡಿದ್ದೀರೆಂದು ಗೊತ್ತಾಗುತ್ತದೆ, ಉಲ್ಲೇಖಗಳಿವೆ. ಈ ಪುಟಗಳನ್ನು ತೆರೆದಾಗ ನಿಮಗೆ ಬೆರಗಾಗಲಿಲ್ಲವೇ? ಆಗಿದ್ದರೆ ಅದೇ ನಿಮ್ಮ ಲೇಖನದ ಬಾಗಿಲು.

ಈ ಎರಡು ಅಂಕಣಗಳನ್ನು ಹೇಳಿಬಿಟ್ಟರೆ 1992ರ ಸಿನಿಮಾದ ಕತೆಯೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಪೀಟರ್ ಬೊಗ್ಡನೊವಿಚ್ ನಿರ್ದೇಶನ, ಮೈಕೆಲ್ ಕೇನ್, ಕ್ಯಾರಲ್ ಬರ್ನೆಟ್, ಕ್ರಿಸ್ಟೊಫರ್ ರೀವ್ ಅವರಂಥ ತಾರಾಗಣ. ಆದರೂ ‘ಯಾಕೋ ಚಿತ್ರ ಸೋತಿತು’ ಎಂದು ಬರೆದು ಮುಂದೆ ಹೋಗಿದ್ದೀರಿ. ಆ ‘ಯಾಕೋ’ ಎಂಬುದರಲ್ಲೇ ವಿಷಯವಿರುವುದು. ಥಿಯೇಟರಿನಲ್ಲಿ ಕೊಡಲಿಯನ್ನು ನೋಡಬೇಕೋ, ಬಾಟಲಿಯನ್ನೋ, ಲೇಸನ್ನೋ ಎಂದು ಪ್ರೇಕ್ಷಕನ ಕಣ್ಣು ತಾನೇ ಓಡಾಡುತ್ತದೆ. ಒಂದನ್ನು ನೋಡುವಾಗ ಇನ್ನೊಂದು ತಪ್ಪಿಹೋಗುತ್ತದೆಂಬ ಗಾಬರಿಯೂ ನಗುವಿನ ಪಾಲೇ. ಕ್ಯಾಮೆರಾ ಆ ಆಯ್ಕೆಯನ್ನು ನಮ್ಮಿಂದ ಕಿತ್ತುಕೊಳ್ಳುತ್ತದೆ. ಇದು ನನ್ನ ಅಭಿಪ್ರಾಯ. ನಿಮ್ಮದು ಬೇರೆಯಿದ್ದರೆ ಅದನ್ನೇ ಬರೆಯಿರಿ, ಆದರೆ ಒಂದು ಅಭಿಪ್ರಾಯವಂತೂ ಇರಲಿ.

ಇನ್ನು ಪ್ರಯೋಗ ಚರಿತ್ರೆ. ನಿಮ್ಮ ನಡುವಿನ ನಾಲ್ಕು ಪುಟಗಳು ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರ ಪಟ್ಟಿಯಂತೆ ಓದಿಸಿಕೊಳ್ಳುತ್ತವೆ. ಯಾರ ಹೆಸರೂ ಬಿಟ್ಟುಹೋಗಿಲ್ಲ, ಯಾರೂ ನೆನಪಿನಲ್ಲಿ ಉಳಿಯುವುದಿಲ್ಲ. 1982ರ ಫೆಬ್ರುವರಿಯಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನ ಲಿರಿಕ್ ಥಿಯೇಟರಿನಲ್ಲಿ ಮೈಕೆಲ್ ಬ್ಲೇಕ್‌ಮೋರ್ ನಿರ್ದೇಶನದಲ್ಲಿ ಆರಂಭ. ಪೆಟ್ರೀಷಿಯಾ ರೌಟ್‌ಲೆಜ್, ಪಾಲ್ ಎಡಿಂಗ್ಟನ್, ನಿಕಿ ಹೆನ್ಸನ್. ಅಲ್ಲಿಂದ ಸವಾಯ್ ಥಿಯೇಟರಿಗೆ ಹೋಗಿ 1987ರವರೆಗೆ ಓಡಿತು, ಒಂದರ ಹಿಂದೊಂದು ಐದು ತಂಡಗಳೊಂದಿಗೆ. 1983ರ ಡಿಸೆಂಬರ್‌ನಿಂದ ಬ್ರಾಡ್‌ವೇಯಲ್ಲಿ 553 ಪ್ರದರ್ಶನಗಳು. ಇಷ್ಟು ಸಾಕು. 2001ರ ನ್ಯೂಯಾರ್ಕ್, 2011ರ ಓಲ್ಡ್ ವಿಕ್, 2016ರ ಮತ್ತೊಂದು ನ್ಯೂಯಾರ್ಕ್, ಇವುಗಳ ಪಾತ್ರವರ್ಗವನ್ನು ಪೂರ್ತಿ ಕೊಡುವುದರಿಂದ ಓದುಗನಿಗೇನು ಸಿಗುತ್ತದೆ?

ಓದುಗನಿಗೆ ಬೇಕಾಗಿರುವುದು ನಾಟಕ ಹೇಗೆ ಹುಟ್ಟಿತು, ಹೇಗೆ ಬದಲಾಯಿತು ಎಂಬುದು. ಹುಟ್ಟನ್ನು ನೀವು ಏಳನೆಯ ಪುಟದಲ್ಲಿ, ಅದೂ ಆವರಣದೊಳಗೆ, ಹೂತುಹಾಕಿದ್ದೀರಿ. 1970ರಲ್ಲಿ ಫ್ರೇನ್ ಬರೆದ ‘ದ ಟೂ ಆಫ್ ಅಸ್’ ಎಂಬ ಕಿರುನಾಟಕಗಳ ಗುಚ್ಛ ಲಂಡನ್ನಿನಲ್ಲಿ ನಡೆಯುತ್ತಿತ್ತು. ಅದರ ಕೊನೆಯ ಪ್ರಹಸನದಲ್ಲಿ ಲಿನ್ ರೆಡ್‌ಗ್ರೇವ್ ಮತ್ತು ರಿಚರ್ಡ್ ಬ್ರೈಯರ್ಸ್ ಇಬ್ಬರೇ ಐದು ಪಾತ್ರಗಳನ್ನು ಮಾಡಬೇಕು: ಒಂದು ಬಾಗಿಲಲ್ಲಿ ಹೊರಗೆ ಹೋಗಿ, ವೇಷ ಬದಲಿಸಿ, ಇನ್ನೊಂದು ಬಾಗಿಲಲ್ಲಿ ಒಳಗೆ ಬರುವ ಓಟ. ಒಂದು ರಾತ್ರಿ ಲೇಖಕ ಅದನ್ನು ಸೈಡ್‌ವಿಂಗ್‌ನಿಂದ ನೋಡಿದರು. ಮುಂದಿನಿಂದ ನೋಡುವುದಕ್ಕಿಂತ ಹಿಂದಿನಿಂದ ನೋಡಿದರೇ ಹೆಚ್ಚು ತಮಾಷೆಯಾಗಿದೆ ಅನಿಸಿತು. ಅಲ್ಲಿಂದ 1977ರಲ್ಲಿ ‘ಎಕ್ಸಿಟ್ಸ್’ ಎಂಬ ಏಕಾಂಕ ಬಂತು, ಡ್ರೂರಿ ಲೇನ್‌ನಲ್ಲಿ ಸಹಾಯಾರ್ಥವಾಗಿ ನಡೆದ ನಡುರಾತ್ರಿಯ ಕಾರ್ಯಕ್ರಮಕ್ಕೆ. ನಿರ್ಮಾಪಕ ಮೈಕೆಲ್ ಕಾಡ್ರನ್ ಇದನ್ನು ಪೂರ್ಣ ನಾಟಕವಾಗಿ ಬೆಳೆಸಿ ಎಂದರು. ರಂಗದ ಪಕ್ಕದಲ್ಲಿ ನಿಂತು ನೋಡಿದ ಆ ಒಂದು ರಾತ್ರಿಯಿಂದ ಲಿರಿಕ್‌ನ ಆರಂಭಕ್ಕೆ ಹನ್ನೆರಡು ವರ್ಷ ಹಿಡಿಯಿತು. ನಿಮ್ಮ ಲೇಖನದಲ್ಲಿ ಇದು ಆವರಣದೊಳಗಿದೆ, ಆಯಾ ವರ್ಷದ ಪ್ರಶಸ್ತಿಗಳು ಮಾತ್ರ ದಪ್ಪಕ್ಷರದಲ್ಲಿವೆ.

ಬದಲಾವಣೆಯ ಸಂಗತಿಯೂ ಹೀಗೆಯೇ. ‘2000ದಲ್ಲಿ ನ್ಯಾಷನಲ್ ಥಿಯೇಟರಿಗಾಗಿ ಕೃತಿ ಪರಿಷ್ಕೃತಗೊಂಡಿತು’ ಎಂದಿದ್ದೀರಿ. ಏನು ಪರಿಷ್ಕರಿಸಿದರು? ಹಳೆಯ ಪಠ್ಯದಲ್ಲಿ ಶ್ರೀಮತಿ ಕ್ಲ್ಯಾಕೆಟ್ ತನ್ನ ಯಜಮಾನರ ಮನೆಯ ಕಲರ್ ಟಿವಿಯ ಮಾತೆತ್ತುತ್ತಾಳೆ. ಹೊಸ ಶತಮಾನಕ್ಕೆ ಅದು ಹಳಸಲು ವಾಸನೆ ಹೊಡೆಯುತ್ತಿತ್ತು, ಇಂಥವನ್ನು ತೆಗೆದರು. ಮೂರನೆಯ ಅಂಕದ ಆರಂಭಕ್ಕೆ ಹೊಸದೊಂದು ಸೇರಿತು: ಪ್ರದರ್ಶನ ತಡವಾದದ್ದಕ್ಕೆ ರಂಗ ವ್ಯವಸ್ಥಾಪಕ ಪರದೆಯ ಮುಂದೆ ಬಂದು ಕ್ಷಮೆ ಕೇಳುವ ಹೊತ್ತಿಗೇ ಅವನ ಸಹಾಯಕಿ ಧ್ವನಿವರ್ಧಕದಲ್ಲೂ ಕ್ಷಮೆ ಕೇಳುತ್ತಾಳೆ. ಯಶಸ್ಸಿನ ತುದಿ ಕಂಡ ನಾಟಕವನ್ನು ಲೇಖಕ ಮತ್ತೆ ಬಿಚ್ಚಿ ಕೂರುತ್ತಾನೆ ಎಂಬುದು ಪ್ರಯೋಗ ಚರಿತ್ರೆ. ಹೊಸದಾಗಿ ಬರೆಯುವವರು ಗಮನಿಸಬೇಕಾದದ್ದೂ ಹೌದು, ನಿಮ್ಮನ್ನೂ ಸೇರಿಸಿ.

ಒಂದು ವಿಷಯದಲ್ಲಿ ನಿಮ್ಮೊಂದಿಗೆ ಜಗಳವಿದೆ. ‘ಇಂಥ ಹಗುರ ಕೃತಿಯ ನಂತರ ಫ್ರೇನ್ “ಕೋಪನ್‌ಹೇಗನ್” ಬರೆದು ಗಂಭೀರ ಸಾಹಿತ್ಯದ ಋಣ ತೀರಿಸಿದರು’ ಎಂದಿದ್ದೀರಿ. ಇದು ಹಾಸ್ಯವನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸುವ ನಮ್ಮ ಹಳೆಯ ರೋಗ. 1998ರ ಆ ನಾಟಕದಲ್ಲಿ ಇರುವುದೇನು? 1941ರಲ್ಲಿ ಜರ್ಮನ್ ಭೌತವಿಜ್ಞಾನಿ ಹೈಸೆನ್‌ಬರ್ಗ್ ಕೋಪನ್‌ಹೇಗನ್ನಿಗೆ ಬೋರ್‌ರನ್ನು ನೋಡಲು ಯಾಕೆ ಬಂದ ಎಂದು ಅವರಿಬ್ಬರೂ ಬೋರ್‌ರ ಪತ್ನಿಯೂ ಅದೇ ಭೇಟಿಯನ್ನು ಮತ್ತೆ ಮತ್ತೆ ಆಡಿ ನೋಡುತ್ತಾರೆ, ಪ್ರತಿ ಸಲವೂ ಅದು ಬೇರೆಯಾಗಿ ಕಾಣುತ್ತದೆ. ಒಂದೇ ಪ್ರಸಂಗ, ಹಲವು ಸಲ, ಹಲವು ಕೋನ. ನಿರ್ದೇಶಕರೂ ಅದೇ ಬ್ಲೇಕ್‌ಮೋರ್. ‘ನಾಯ್ಸಸ್ ಆಫ್’ನ ಮೂರನೆಯ ಅಂಕದಲ್ಲಿ ಒಬ್ಬನೇ ಇರಬೇಕಾದ ಕಳ್ಳನ ಪಾತ್ರಕ್ಕೆ ಮೂವರು ಒಟ್ಟಿಗೆ ಬಂದು ನಿಂತಾಗಲೂ, ಸುತ್ತ ಎಲ್ಲವೂ ಕುಸಿದಿದ್ದರೂ, ಬ್ರೂಕ್ ಎಂಬ ನಟಿ ಕಂಠಪಾಠ ಮಾಡಿದ ಮಾತುಗಳನ್ನೇ ತಪ್ಪದೆ ಒಪ್ಪಿಸುತ್ತಾ ಹೋಗುತ್ತಾಳೆ. ಪಠ್ಯ ಒಂದು ದಾರಿ, ಲೋಕ ಒಂದು ದಾರಿ. ಕೇಂಬ್ರಿಜ್‌ನಲ್ಲಿ ತತ್ತ್ವಶಾಸ್ತ್ರ ಓದಿದವನು ಇದನ್ನು ಯೋಚಿಸದೆ ಬರೆದಿದ್ದಾನೆಂದು ನನಗೆ ಅನಿಸುವುದಿಲ್ಲ. ಋಣದ ವಾಕ್ಯವನ್ನು ದಯವಿಟ್ಟು ತೆಗೆಯಿರಿ.

ಕೊನೆಯ ಎರಡು ಪ್ಯಾರಾಗಳಲ್ಲಿ ಗುಬ್ಬಿ ಕಂಪನಿಯನ್ನು ಎಳೆದು ತಂದಿದ್ದೀರಿ. ಕನ್ನಡ ಓದುಗರಿಗೆ ಹತ್ತಿರವಾಗಲೆಂಬ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಈ ನಾಟಕಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ವಿಚಿತ್ರವೆಂದರೆ ನಿಜವಾದ ನಂಟು ನಿಮ್ಮ ಪಟ್ಟಿಯಲ್ಲೇ ಕೂತಿದೆ, ನೀವು ಗಮನಿಸಿಲ್ಲ. 2022ರಲ್ಲಿ ಬಾತ್‌ನಲ್ಲಿ ಶುರುವಾಗಿ ಮರುವರ್ಷ ಲಂಡನ್ನಿಗೆ ಬಂದ ನಲವತ್ತನೆಯ ವರ್ಷದ ಪ್ರಯೋಗದಲ್ಲಿ ಡಾಟಿಯಾಗಿದ್ದವರು ಫೆಲಿಸಿಟಿ ಕೆಂಡಲ್. ಈಕೆ ಬೆಳೆದದ್ದು ಭಾರತದಲ್ಲಿ, ತಂದೆ ಜೆಫ್ರಿ ಕೆಂಡಲ್ ಅವರ ‘ಶೇಕ್ಸ್‌ಪಿಯರಾನಾ’ ತಂಡದೊಂದಿಗೆ ಊರೂರು ಸುತ್ತುತ್ತ. ಶಶಿ ಕಪೂರ್ ಅವರ ಪತ್ನಿ ಜೆನ್ನಿಫರ್ ಈಕೆಯ ಅಕ್ಕ. ಸಂಚಾರಿ ತಂಡದ ಕೂಸು ಎಪ್ಪತ್ತು ದಾಟಿದ ಮೇಲೆ ಸಂಚಾರಿ ತಂಡದ ನಟಿಯ ಪಾತ್ರ ಮಾಡಿದರು! ಅದಕ್ಕೂ ಮೊದಲು 2019ರಲ್ಲಿ, ನಾಟಕ ಹುಟ್ಟಿದ ಅದೇ ಲಿರಿಕ್‌ನಲ್ಲಿ, ಡಾಟಿಯ ಪಾತ್ರ ಪಂಜಾಬಿ ಮೂಲದ ಮೀರಾ ಸ್ಯಾಲ್ ಅವರದಾಗಿತ್ತು. ಗುಬ್ಬಿ ಕಂಪನಿಯನ್ನು ಬಿಟ್ಟು ಇದನ್ನು ಬರೆಯಿರಿ.

ಮರುಬರಹಕ್ಕೆ ಇಷ್ಟು ಕೇಳುತ್ತೇನೆ. ಸೈಡ್‌ವಿಂಗ್‌ನಿಂದ ಶುರುವಾಗಲಿ. ಒಂದು ಪ್ಯಾರಾದಲ್ಲಿ ‘ನಥಿಂಗ್ ಆನ್’ ಏನೆಂದು ಓದುಗರಿಗೆ ಗೊತ್ತಾಗಲಿ. ಎರಡನೆಯ ಅಂಕದ ಮೇಲೆ ನಿಮಗೆ ಬೇಕಾದಷ್ಟು ಹೊತ್ತು ಕೂರಿ, ಅಲ್ಲಿ ನಾನು ಕತ್ತರಿ ಹಾಕುವುದಿಲ್ಲ. 1971ರಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಥಿಯೇಟರಿನಲ್ಲಿ ಶುರುವಾಗಿ, ಆಮೇಲೆ ಬೇರೆ ಥಿಯೇಟರುಗಳಿಗೆ ಹೋಗಿ 1987ರವರೆಗೆ ಓಡಿದ ‘ನೋ ಸೆಕ್ಸ್ ಪ್ಲೀಸ್, ವಿ ಆರ್ ಬ್ರಿಟಿಷ್’ ಬಗ್ಗೆ ನೀವು ಬರೆದ ಪ್ಯಾರಾ ಚೆನ್ನಾಗಿದೆ, ಉಳಿಸಿಕೊಳ್ಳಿ. ಫ್ರೇನ್ ಅಣಕಿಸುತ್ತಿರುವುದು ಎಂಥ ನಾಟಕಗಳನ್ನು ಎಂದು ಅದರಿಂದ ತಿಳಿಯುತ್ತದೆ. ‘ನಥಿಂಗ್ ಆನ್’ಗೆಂದು ನಟರ ಸುಳ್ಳು ಪರಿಚಯಗಳ ಸಮೇತ ಬರೆದ ಸುಳ್ಳು ಕಾರ್ಯಕ್ರಮ ಪುಸ್ತಿಕೆಯೊಂದಿದೆಯಲ್ಲ, ಅದನ್ನೂ ಎಲ್ಲಾದರೂ ಸೇರಿಸಿ, ಬಿಟ್ಟರೆ ಅನ್ಯಾಯ. ವಿಶೇಷಣಗಳನ್ನು ಹೊಡೆದುಹಾಕಿ. ಲೇಖಕರ ಹೆಸರು ಒಂದೆಡೆ ‘ಫ್ರೇನ್’, ಇನ್ನೊಂದೆಡೆ ‘ಫ್ರಾಯ್ನ್’ ಎಂದಿದೆ, ಮೊದಲಿನದನ್ನೇ ಉಳಿಸಿ. ಎರಡು ಸಾವಿರ ಪದ ಮೀರದಿರಲಿ, ಮುಂದಿನ ತಿಂಗಳ ಹತ್ತರೊಳಗೆ ಬಂದರೆ ರಂಗಭೂಮಿ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ. ಫೋಟೋಗಳನ್ನು ಕಳಿಸಬೇಡಿ, ಹಕ್ಕಿನ ತಕರಾರು ಬರುತ್ತದೆ; ರೇಖಾಚಿತ್ರವನ್ನು ನಾವೇ ಮಾಡಿಸುತ್ತೇವೆ.

ಇಂತಿ,
ಸಂಪಾದಕ