ಕ್ಯಾಪ್ರಿಕಾ ಪೈಲಟ್ ನೋಡಿದವರು ಯಾಕೆ ಎರಡು ಪಾಲಾದರು?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಅನ್ನೋ ಬಾಹ್ಯಾಕಾಶ ಯುದ್ಧದ ಟಿವಿ ಸರಣಿ ನೋಡಿ ಮುಗಿಸಿ, ಅದೇ ಹುಮ್ಮಸ್ಸಿನಲ್ಲಿ ಅದರ ಪ್ರೀಕ್ವೆಲ್, ಅಂದರೆ ಅದಕ್ಕೂ ಹಿಂದಿನ ಕಥೆ ಹೇಳೋ 'ಕ್ಯಾಪ್ರಿಕಾ'ದ ಪೈಲಟ್ (ಮೊದಲ ಎಪಿಸೋಡ್) ಹಾಕಿದಿರಿ, ಒಂದೂವರೆ ಗಂಟೆ ಕಾದರೂ ಒಂದು ಯುದ್ಧನೌಕೆ ಕಾಣಲಿಲ್ಲ. ಬೇರೆಯವರು ಏನಂದಿದ್ದಾರೆ ಅಂತ ಹುಡುಕಿದರೆ ಕೆಲವರು ಅದ್ಭುತ ಅಂತಾರೆ, ಕೆಲವರು ಅಳುಮುಂಜಿ ಧಾರಾವಾಹಿ ಅಂತ ಮೂಗು ಮುರೀತಾರೆ. ಯಾರನ್ನು ನಂಬೋದು, ಮುಂದೆ ನೋಡಬೇಕಾ ಬೇಡವಾ?

ನಾನು ಎರಡೂ ಕಡೆ ಇದ್ದವನು, ಅದಕ್ಕೇ ಉತ್ತರ ಬರೆಯೋ ಧೈರ್ಯ. ಮೊದಲ ಸಲ ನೋಡಿದಾಗ ನಡುವೆ ಎರಡು ಸಲ ಫೋನ್ ತೆಗೆದಿದ್ದೆ. ಮುಗಿದ ಮೇಲೆ ಇಷ್ಟೇನಾ ಅನಿಸಿತ್ತು. ಕೆಲವು ತಿಂಗಳಾದ ಮೇಲೆ ನನ್ನ ತಂಗಿ ಜೊತೆ ಕೂತು ಮತ್ತೆ ನೋಡಿದೆ. ಅವಳು ಮೂಲ ಸರಣಿಯ ಒಂದು ಎಪಿಸೋಡನ್ನೂ ನೋಡಿದವಳಲ್ಲ. ಆದರೂ ಕೂತಲ್ಲಿಂದ ಅಲ್ಲಾಡಲಿಲ್ಲ, ನನಗೆ ಆಕಳಿಕೆ ಬಂದಿದ್ದ ಜಾಗಗಳಲ್ಲೇ ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆಗಲೇ ನನಗೆ ಗೊತ್ತಾಗಿದ್ದು, ಮೊದಲ ಸಲ ನಾನು ಕಥೆ ನೋಡಿಯೇ ಇರಲಿಲ್ಲ, ತಲೆಯಲ್ಲಿ ಒಂದು ಪಟ್ಟಿ ಇಟ್ಟುಕೊಂಡು ಸುಮ್ನೆ ಟಿಕ್ ಹಾಕುತ್ತಾ ಕೂತಿದ್ದೆ ಅಂತ. ಮನುಷ್ಯರ ಮೇಲೆ ತಿರುಗಿಬೀಳೋ ಸೈಲಾನ್ ಯಂತ್ರಗಳು ಯಾವಾಗ ಬರುತ್ತವೆ? ನೌಕೆಯ ಕಮಾಂಡರ್ ಅಡಾಮಾ ಎಲ್ಲಿ? ವೈಪರ್ ವಿಮಾನ ಎಲ್ಲಿ? ಪ್ರೀಕ್ವೆಲ್ ನೋಡಲು ಕೂರೋ ಅಭಿಮಾನಿಗಳ ಹಣೆಬರಹವೇ ಇದು.

ಇನ್ನೊಂದು, ಅದು ಬಂದ ಸಮಯ. ಮೂಲ ಸರಣಿಯ ಕೊನೆಯ ಎಪಿಸೋಡ್ ಪ್ರಸಾರವಾಗಿದ್ದು 2009ರ ಮಾರ್ಚ್ 20ರಂದು. ಆ ಕೊನೆ ಸರಿಯೋ ತಪ್ಪೋ ಅಂತ ಅಭಿಮಾನಿಗಳು ಕಿತ್ತಾಡುತ್ತಿರುವಾಗಲೇ, ಏಪ್ರಿಲ್ 21ಕ್ಕೆ ಕ್ಯಾಪ್ರಿಕಾ ಪೈಲಟ್ ಡಿವಿಡಿಯಾಗಿ, ಡೌನ್‌ಲೋಡ್ ಆಗಿ ಹೊರಬಂತು. ಟಿವಿಗೆ ಬಂದಿದ್ದು 2010ರ ಜನವರಿ 22ಕ್ಕೆ. ನಡುವೆ ಒಂಬತ್ತು ತಿಂಗಳು. ಮೊದಲೇ ನೋಡಿದವರು ಬೈಯೋದು ಹೊಗಳೋದು ಎಲ್ಲ ಮುಗಿಸಿದ್ದರು, ಟಿವಿಯಲ್ಲಿ ನೋಡಲು ಬಂದವರಿಗೆ ಸಿಕ್ಕಿದ್ದು ಆರಿದ ಊಟ. ಡಿವಿಡಿಯಲ್ಲಿ ಇದ್ದದ್ದು ಕತ್ತರಿ ಹಾಕದ ಆವೃತ್ತಿ ಬೇರೆ. ಶುರುವಾಗೋದೇ ಒಂದು ವರ್ಚುವಲ್ ಕ್ಲಬ್ಬಿನಲ್ಲಿ, ಅಲ್ಲಿ ಹದಿಹರೆಯದ ಮಕ್ಕಳ ಕಣ್ಣೆದುರೇ ಬೆತ್ತಲೆ ಕುಣಿತ, ಗುಂಡಿನ ಹಾರಾಟ, ನರಬಲಿ. ಎಲ್ಲ ಸುಳ್ಳು ಲೋಕ ಅಂತ ಗೊತ್ತಾಗೋ ಹೊತ್ತಿಗೆ ಕೆಲವರು ಟಿವಿ ಆರಿಸಿ ಎದ್ದುಹೋಗಿರಬೇಕು. ನನಗೂ ಆ ದೃಶ್ಯ ಬೇಕಿದ್ದಕ್ಕಿಂತ ಜಾಸ್ತಿ ಉದ್ದ ಅನಿಸಿತು.

ಈಗ ಮೂಲ ಸರಣಿಗೆ ನಾಂದಿಯಾದ 2003ರ ಮಿನಿಸರಣಿ ನೆನಪಿಸಿಕೊಳ್ಳಿ. ಶುರುವಾಗಿ ಕೆಲವೇ ನಿಮಿಷದಲ್ಲಿ ಒಂದು ಬಾಹ್ಯಾಕಾಶ ನಿಲ್ದಾಣ ಚೂರುಚೂರಾಗುತ್ತೆ, ಆಮೇಲೆ ಮನುಷ್ಯರ ಹನ್ನೆರಡು ಲೋಕಗಳೂ ಉರಿದುಹೋಗಿ ಸುಮಾರು 50,000 ಜನ ಮಾತ್ರ ಉಳಿಯುತ್ತಾರೆ. ಕ್ಯಾಪ್ರಿಕಾ ನಡೆಯೋದು ಆ ಪತನಕ್ಕೆ 58 ವರ್ಷ ಮುಂಚೆ. ಇಲ್ಲಿ ಸ್ಫೋಟ ಒಂದೇ, ಒಂದು ರೈಲಿನಲ್ಲಿ. ಕಂಪನಿ ಮಾಲೀಕ ಡೇನಿಯಲ್ ಗ್ರೇಸ್ಟೋನ್‌ನ ಮಗಳು ಝೋಯಿ ಅದರಲ್ಲಿ ಸಾಯುತ್ತಾಳೆ. ವಕೀಲ ಜೋಸೆಫ್ ಆಡಮ್ಸ್‌ನ ಹೆಂಡತಿ, ಮಗಳು ಟಮಾರಾ ಇಬ್ಬರೂ ಅದೇ ರೈಲಿನಲ್ಲಿ ಹೋಗುತ್ತಾರೆ. ಬಾಂಬ್ ಕಟ್ಟಿಕೊಂಡು ಬಂದವನು ಝೋಯಿಯ ಜೊತೆಗಾರ ಬೆನ್, ಒಬ್ಬನೇ ದೇವರು ಅನ್ನೋ ಗುಪ್ತ ಪಂಗಡದವನು. ಉಳಿದದ್ದೆಲ್ಲ ಇಬ್ಬರು ಅಪ್ಪಂದಿರ ಕಥೆ, ಅದರಲ್ಲಿ ನೌಕೆಗೆ ಎಲ್ಲಿದೆ ಜಾಗ?

ನನ್ನ ತಂಗಿಗೆ ಹಿಡಿಸಿದ್ದು ಸರಿಯಾಗಿ ಇದೇ. ಝೋಯಿ ಸಾಯೋ ಮುಂಚೆ ತನ್ನದೇ ಒಂದು ಪ್ರತಿಯನ್ನು ವರ್ಚುವಲ್ ಲೋಕದಲ್ಲಿ ಮಾಡಿಟ್ಟಿರುತ್ತಾಳೆ. ಅಪ್ಪ ಅದನ್ನು ಹುಡುಕಿಕೊಂಡು ಹೋದಾಗ ಆ ಪ್ರತಿ ವಿವರಿಸುತ್ತೆ: ಮನುಷ್ಯನ ಮೆದುಳಿನಲ್ಲಿ ಇರೋದು ಹೆಚ್ಚು ಕಡಿಮೆ 300 ಮೆಗಾಬೈಟ್ ಮಾಹಿತಿ, ಉಳಿದದ್ದೆಲ್ಲ ಹೊರಗೆ ಚೆಲ್ಲಿಕೊಂಡೇ ಇದೆ, ಶಾಲೆಯ ದಾಖಲೆ, ಆಸ್ಪತ್ರೆಯ ಸ್ಕ್ಯಾನ್, ಇಮೇಲ್, ಅಂಗಡಿ ಬಿಲ್ಲು, ಸಿನಿಮಾ ಟಿಕೆಟ್, ಎಲ್ಲ ಕೂಡಿಸಿದರೆ ಒಬ್ಬ ಹುಡುಗಿ ಸಿಗುತ್ತಾಳೆ. ಆ 300 ಮೆಗಾಬೈಟ್ ಕೇಳಿ ಆಗಲೂ ಜನ ನಕ್ಕಿದ್ದರು, ಈಗಂತೂ ಬಿಡಿ, ಒಂದು ಫೋನಿನ ಫೋಟೋಗಳೇ ಅದಕ್ಕಿಂತ ಜಾಸ್ತಿ ಇರುತ್ತವೆ. ಆದರೆ ಲೆಕ್ಕ ಪಕ್ಕಕ್ಕಿಟ್ಟು ಮಾತು ಕೇಳಿ. ನಾವು ಬಿಟ್ಟುಹೋದ ಬಿಲ್ಲು ಟಿಕೆಟ್ಟುಗಳನ್ನು ಕೂಡಿಸಿ ನಮ್ಮಂತೆ ಮಾತಾಡೋದನ್ನು ಮಾಡಬಹುದು ಅನ್ನೋದು 2009ರಲ್ಲಿ ಬರೀ ಕಥೆ, ಇವತ್ತು ಹಾಗನಿಸಲ್ಲ. ಈಗ ಹೊಸದಾಗಿ ನೋಡೋರಿಗೆ ಈ ಪೈಲಟ್ ಅಂದಿಗಿಂತ ಚೆನ್ನಾಗಿ ನಾಟುತ್ತೆ ಅಂತ ನನ್ನ ಅನಿಸಿಕೆ.

ಎಲ್ಲಕ್ಕಿಂತ ಒಂದು ದೃಶ್ಯ. ಗ್ರೇಸ್ಟೋನ್ ಅದೇ ವಿದ್ಯೆಯಲ್ಲಿ ಟಮಾರಾಳ ಪ್ರತಿಯನ್ನೂ ಮಾಡಿ, ಜೋಸೆಫ್‌ನ ತಲೆಗೆ ವರ್ಚುವಲ್ ಲೋಕ ತೋರಿಸೋ ಪಟ್ಟಿ ತೊಡಿಸಿ ಒಳಗೆ ಕಳಿಸುತ್ತಾನೆ. ಸತ್ತ ಮಗಳು ಎದುರಿಗೆ ನಿಂತಿದ್ದಾಳೆ. ಅಪ್ಪ ತಬ್ಬಿಕೊಳ್ಳುತ್ತಾನೆ. ಇನ್ನೇನು ಸುಖಾಂತ್ಯ ಅಂದುಕೊಳ್ಳುವಷ್ಟರಲ್ಲಿ ಅವಳು ಎದೆ ಮೇಲೆ ಕೈಯಿಟ್ಟು ಗಾಬರಿಯಾಗುತ್ತಾಳೆ, ನನ್ನ ಎದೆ ಬಡಿತ ಗೊತ್ತಾಗ್ತಾ ಇಲ್ಲ ಅಂತ. ಅಷ್ಟೇ. ಗುಂಡಿಲ್ಲ, ಸ್ಫೋಟ ಇಲ್ಲ. ಜೋಸೆಫ್ ಹೊರಗೆ ಬಂದು ಇದು ತಪ್ಪು, ನನಗೆ ಬೇಡ ಅಂತಾನೆ. ಗ್ರೇಸ್ಟೋನ್‌ಗೆ ಮಾತ್ರ ಅದು ತಪ್ಪು ಅಂತ ಅನಿಸೋದೇ ಇಲ್ಲ, ಇನ್ನಷ್ಟು ಸರಿ ಮಾಡಬಹುದಲ್ಲ ಅಂತಾನೆ. ಮುಂದೆ ಬರೋ ಯುದ್ಧದ ಬೀಜ ಈ ಎರಡು ಮಾತಿನ ನಡುವೆಯೇ ಇದೆ. ಮೊದಲ ಸಲ ನಾನು ಈ ದೃಶ್ಯದ ಹೊತ್ತಲ್ಲೇ ಫೋನ್ ನೋಡುತ್ತಿದ್ದೆ, ನಾಚಿಕೆಯಾಗುತ್ತೆ.

ಇಷ್ಟಪಡದವರು ಹೇಳೋದರಲ್ಲಿ ಹುರುಳೇ ಇಲ್ಲ ಅಂತಲ್ಲ. ಎಳೆಗಳು ಜಾಸ್ತಿ: ಶಾಲೆಯ ಸಿಸ್ಟರ್ ಕ್ಲಾರಿಸ್, ಗುಪ್ತ ಪಂಗಡ, ಟಾರಾನ್ ಗ್ರಹದವರ ಗ್ಯಾಂಗು, ಚಿಪ್ ಕಳ್ಳತನ, ಸೈನ್ಯದ ಗುತ್ತಿಗೆ. ಬೆನ್ ಯಾಕೆ ಬಾಂಬ್ ಕಟ್ಟಿಕೊಂಡ ಅನ್ನೋದನ್ನು ಅವಸರದಲ್ಲಿ ದಾಟಿಬಿಡುತ್ತಾರೆ, ಇದು ನನ್ನ ಪ್ರಕಾರ ನಿಜವಾದ ದೋಷ. 'ಹಾಗಾದರೆ ಇಡೀ ಮನುಕುಲ ಸುಟ್ಟುಹೋಗಿದ್ದು ಒಬ್ಬಳು ಮುನಿಸಿಕೊಂಡ ಹುಡುಗಿಯಿಂದಾನಾ' ಅಂತ ಕೇಳೋರಿಗೆ ಮಾತ್ರ ನಾನು ಒಪ್ಪಲ್ಲ. ಮೂಲ ಸರಣಿಯಲ್ಲಿ ಮನುಷ್ಯರಿಗೆ ಹಲವು ದೇವರು, ಯಂತ್ರಗಳಿಗೆ ಒಬ್ಬನೇ ದೇವರು. ಯಂತ್ರಕ್ಕೆ ದೇವರು ಬಂದದ್ದು ಎಲ್ಲಿಂದ ಅಂತ ನಾವು ಎಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೆವು! ಈ ಪೈಲಟ್ ಅದಕ್ಕೆ ಭಾಷಣ ಇಲ್ಲದೆ ದಾರಿ ತೋರಿಸುತ್ತೆ: ಒಬ್ಬನೇ ದೇವರನ್ನು ನಂಬಿದ್ದ ಹುಡುಗಿಯ ಮನಸ್ಸು ಯಂತ್ರದೊಳಗೆ ಹೋಗಿ ಕೂರುತ್ತೆ.

ಆ ಜಾಗವಂತೂ ಮರೆಯೋದಿಲ್ಲ. ಗ್ರೇಸ್ಟೋನ್ ಕದ್ದ ಚಿಪ್ಪಿಗೆ ಝೋಯಿಯ ಪ್ರತಿ ತುಂಬಿ ದೈತ್ಯ ರೋಬೋಟಿಗೆ ಹಾಕುತ್ತಾನೆ. ಕೆಂಪು ಕಣ್ಣು ಅತ್ತ ಇತ್ತ ಓಡುತ್ತೆ. ಅದು ಅಪ್ಪಾ ಅಂತ ಕರೆದು ಕುಸಿಯುತ್ತೆ. ಮಗಳು ಕೈತಪ್ಪಿ ಹೋದಳು ಅಂತ ಅವನು ಕೈಚೆಲ್ಲಿ ಕೂರುತ್ತಾನೆ. ಆದರೆ ಪೈಲಟ್ ಮುಗಿಯೋದು ಆ ಯಂತ್ರ ಝೋಯಿಯ ಗೆಳತಿ ಲೇಸಿಗೆ ಫೋನ್ ಮಾಡೋದರಿಂದ. ಮೂಲ ಸರಣಿ ಗೊತ್ತಿದ್ದವರಿಗೆ ಆ ಕೆಂಪು ಕಣ್ಣು ಅಂದರೆ ಕೊಲೆಗಾರ. ತಂಗಿಗೆ ಅದು ಬರೀ ಸಿಕ್ಕಿಹಾಕಿಕೊಂಡ ಹುಡುಗಿ. 'ಇವಳು ಆಮೇಲೆ ಏನಾಗ್ತಾಳೆ, ಅಣ್ಣಾ?' ಅಂದಳು. ನಾನು ಎದ್ದು ನೀರು ಕುಡಿಯೋಕೆ ಹೋದೆ.

ಅಂದಹಾಗೆ ಪ್ರೀಕ್ವೆಲ್ ಪೈಲಟ್ ಅಂದರೆ ಕಿತ್ತಾಟ ಇದ್ದದ್ದೇ. 2001ರ ಸೆಪ್ಟೆಂಬರ್‌ನಲ್ಲಿ 'ಎಂಟರ್‌ಪ್ರೈಸ್' ಸರಣಿಯ ಪೈಲಟ್ ಬಂದಾಗ ಸ್ಟಾರ್ ಟ್ರೆಕ್ ಅಭಿಮಾನಿಗಳು ಕಥೆಗಿಂತ ಜಾಸ್ತಿ ಬೈದಿದ್ದು ಶೀರ್ಷಿಕೆ ಗೀತೆಗೆ. ಅಲ್ಲಿವರೆಗಿನ ಸರಣಿಗಳ ಶೀರ್ಷಿಕೆ ಸಂಗೀತದಲ್ಲಿ ಸಾಹಿತ್ಯ ಇರೋ ಹಾಡು ಇರಲಿಲ್ಲ, ಇಲ್ಲಿ ಯಾರೋ ಹಾಡಿಬಿಟ್ಟರಲ್ಲ ಅಂತ ಕೋಪ. ಆದರೂ ಅದು ನಾಲ್ಕು ಸೀಸನ್ ಓಡಿತು. ಕ್ಯಾಪ್ರಿಕಾಗೆ ಒಂದೇ. ನಡುವೆ ಆರು ತಿಂಗಳ ಬಿಡುವು ಕೊಟ್ಟು, ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿ, ಅದೇ ತಿಂಗಳ 27ಕ್ಕೆ ಚಾನೆಲ್ ನಿಲ್ಲಿಸಿಬಿಟ್ಟಿತು. ಉಳಿದ ಐದು ಎಪಿಸೋಡುಗಳನ್ನು ಅಮೆರಿಕದ ಟಿವಿಯಲ್ಲಿ ತೋರಿಸಿದ್ದು 2011ರ ಜನವರಿ 4ರಂದು, ಒಂದೇ ದಿನ. ನೌಕೆ ಬೇಕು ಅಂದವರಿಗಾಗಿ 2012ರಲ್ಲಿ 'ಬ್ಲಡ್ ಅಂಡ್ ಕ್ರೋಮ್' ಅಂತ ಇನ್ನೊಂದು ಪ್ರೀಕ್ವೆಲ್ ಬಂತು, ತರುಣ ಅಡಾಮಾ, ಮೊದಲ ಸೈಲಾನ್ ಯುದ್ಧ, ಕೇಳಿದ್ದೆಲ್ಲ ಇತ್ತು. ಅದು ಸರಣಿಯಾಗಿ ಮುಂದುವರಿಯಲೇ ಇಲ್ಲ, ನೋಡಿ ತಮಾಷೆ.

ನಿಮಗೆ ನಾನು ಹೇಳೋದು: ಪೈಲಟ್ ಒಂದರಿಂದಲೇ ತೀರ್ಮಾನಿಸಬೇಡಿ, ಎರಡನೇ ಎಪಿಸೋಡ್ ಹಾಕಿ. ಅದರಲ್ಲಿ ಬೇರೆಯವರ ಕಣ್ಣಿಗೆ ಲೋಹದ ದೈತ್ಯ, ಮರುಕ್ಷಣ ಅದೇ ಜಾಗದಲ್ಲಿ ಝೋಯಿ ನಿಂತಿರುತ್ತಾಳೆ, ಹೀಗೆ ಕ್ಯಾಮೆರಾ ಬದಲಾಗುತ್ತಾ ಹೋಗುತ್ತೆ. ಸರಳ ಉಪಾಯ, ಆದರೆ ಇಡೀ ಸರಣಿ ನಿಂತಿರೋದು ಅದರ ಮೇಲೆ. ಅದು ನಿಮಗೆ ಹಿಡಿಸಿದರೆ ಪೂರ್ತಿ ನೋಡಿ, ಅರ್ಧಕ್ಕೆ ಬಿಟ್ಟ ಸರಣಿ ಅನ್ನೋ ಭಯ ಬೇಡ, ಮುಂದೇನಾಗುತ್ತೆ ಅನ್ನೋದರ ತುಣುಕುಗಳನ್ನು ಕೊನೆಯಲ್ಲಿ ಕೊಟ್ಟಿದ್ದಾರೆ. ಹಿಡಿಸದಿದ್ದರೆ ಅಲ್ಲಿಗೇ ಬಿಟ್ಟು 'ಬ್ಲಡ್ ಅಂಡ್ ಕ್ರೋಮ್' ಹಾಕಿಕೊಳ್ಳಿ, ನೌಕೆಗಳು ಬೇಕಾದಷ್ಟಿವೆ.